ಮಾವಶಿಯ ಕೈಮೇಲಿನ ಹೆಸರು

ಸೂಜಿ ತಾಗಿದಾಗ ಮಾವಶಿ ನಕ್ಕರೋ, ಹಲ್ಲು ಕಚ್ಚಿದರೋ, ನನಗೆ ಖಚಿತವಿಲ್ಲ. ಮೊದಮೊದಲು ನಕ್ಕರೆಂದೇ ಎಲ್ಲರಿಗೂ ಹೇಳಿದೆ. ಮೂರನೆಯ ಸಲ ಹೇಳುವಾಗ ನನಗೇ ಅನುಮಾನ ಬಂತು. ನಮ್ಮೂರು ಮಾಲಗಾಂವದಿಂದ ವಿಶ್ರಾಮಬಾಗದ ಹಚ್ಚೆ ಅಂಗಡಿಯವರೆಗೆ ನನ್ನ ಸ್ಕೂಟರಿನ ಹಿಂದೆ ಕುಳಿತು ಬಂದದ್ದಂತೂ ನಿಜ. ದಾರಿಯುದ್ದಕ್ಕೂ ನಾನೇ ಹಚ್ಚೆ ಹಾಕಿಸಿಕೊಳ್ಳಲು ಹೊರಟವನಂತೆ ಗಾಡಿಯನ್ನು ನಿಧಾನ ಮಾಡುತ್ತಿದ್ದೆ.

ಮಾವಶಿ ನನ್ನ ತಾಯಿಯ ತಂಗಿ. ಅವರ ತವರು ಮಿರಜ. ಶಾಲೆಗೆ ಹೋಗುತ್ತಿದ್ದಾಗ ಊರೂರು ತಿರುಗುವ ಹೆಂಗಸೊಬ್ಬಳು ಅವರ ಎಡ ಮುಂಗೈಗೆ ಅವರ ಹೆಸರನ್ನು ಚುಚ್ಚಿದ್ದಳು. ಮದುವೆಯ ದಿನ ಆ ಕಡೆಯ ರೂಢಿಯಂತೆ ಗಂಡ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದು ಅವರಿಗೆ ಬೇರೊಂದು ಹೆಸರಿಟ್ಟರು. ರೇಷನ್ ಕಾರ್ಡು, ಆಧಾರ್, ಎಲ್ಲದಕ್ಕೂ ಅದೇ ಹತ್ತಿತು. ಕೈಮೇಲಿನದು ಮಾಸಿ ಹಸಿರು ಗೀಟಾಯಿತು. ಈಗ ಅದು ಮತ್ತೆ ಓದುವಂತಾಗಬೇಕು ಎಂದು ಅವರ ಹಟ.

ಅವರಿಗಿಂತ ಹದಿನೈದು ವರ್ಷ ಹಿರಿಯರಾದ ಅಣ್ಣ, ನನ್ನ ಮಾಮಾ, ಒಪ್ಪಲಿಲ್ಲ. "ಅದು ನಿನ್ನ ಹೆಸರ ಅಲ್ಲ. ನಿನ್ನ ಎಲ್ಲಾರೂ ಸಣ್ಣಾಕಿ ಅಂತಿದ್ರು. ಆ ಹೆಂಗಸಿಗೆ ಓದಾಕ ಬರ್ತಿರಲಿಲ್ಲ. ನಿನಗಿಂತ ಮೊದಲ ಚುಚ್ಚಿಸ್ಕೊಂಡ ಹುಡುಗಿ ಕೈ ನೋಡಿ ನಿನಗೂ ಅದನ್ನ ಚುಚ್ಚ್ಯಾಳ."

"ಹಂಗಾದ್ರ ಮಂದಿ ಹೆಸರು ಕೈಯಾಗ ಇಟ್ಕೊಂಡು ಇಷ್ಟು ವರ್ಷ ರೊಟ್ಟಿ ಬಡದೇನೇನು?"

ಮನಃಶಾಸ್ತ್ರ ಓದಿದ ನಾನು ಸುಮ್ಮನಿರಬಹುದಿತ್ತು. "ಮಾವಶಿ, ನೆನಪಂದ್ರ ನಾವ ಕಟ್ಟಿದ್ದು ಇರ್ತದರಿ. ದಿನಾ ಕೈ ನೋಡಿ ನೋಡಿ ಅದ ನಿಮ್ಮ ಹೆಸರು ಅನಿಸಿರಬೇಕು" ಎಂದೆ.

ಅವರ ಮುಖ ಇಳಿಯಿತು. ತಮಗೆ ಅಂಥದೊಂದು ಹೆಸರು ಇತ್ತೋ ಇಲ್ಲವೋ ಎಂಬ ಶಂಕೆಯನ್ನು ನಾನೇ ಬಿತ್ತಿದ್ದೆ. ಆಮೇಲೆ ಸೆರಗು ಸಿಗಿಸಿಕೊಂಡು, "ಭಾಳ ಶಾಣ್ಯಾ ಆಗಬ್ಯಾಡ. ಗಾಡಿ ತಗಿ" ಎಂದರು.

ಅಂಗಡಿಯಲ್ಲಿದ್ದ ಹುಡುಗಿ ಕೈ ಹಿಡಿದು ನೋಡಿ, ಇದನ್ನು ಮುಚ್ಚಿ ಮೇಲೆ ಗುಲಾಬಿ ಬಿಡಿಸಲೇ ಕಾಕೂ ಎಂದು ಮರಾಠಿಯಲ್ಲಿ ಕೇಳಿದಳು. ಹಳೆಯ ಪ್ರೇಮಿಗಳ ಹೆಸರು ಮುಚ್ಚಿಸಲು ಬರುವವರೇ ಅಲ್ಲಿ ಹೆಚ್ಚಂತೆ.

"ಮುಚ್ಚಾಕ ನನ್ನ ಸೆರಗ ಇತ್ತವ್ವಾ. ಇದನ್ನ ಕಾಣೂಹಂಗ ಮಾಡು."

ಯಂತ್ರ ಗುಂಯ್‌ಗುಟ್ಟಿತು. ಒಂದೊಂದೇ ಅಕ್ಷರ ಕಪ್ಪಾಗಿ ಎದ್ದು ಬರುವಾಗ ನಾನು ಕುರ್ಚಿಯಲ್ಲಿ ಕೂರಲಾರದೆ ಓಡಾಡಿದೆ. ಮುಗಿದ ಮೇಲೆ ಮಾವಶಿ ಕೈಯನ್ನು ಕನ್ನಡಿಗೆ ಹಿಡಿಯಲಿಲ್ಲ. ನನ್ನ ಮುಂದೆ ಹಿಡಿದರು. "ಓದು."

ಓದಿದೆ.

"ಜೋರಾಗಿ ಕರಿ."

ಕರೆದೆ. "ಓ" ಎಂದರು, ಅಂಗಳದ ಆಚೆಯಿಂದ ಓಗೊಟ್ಟಂತೆ. ಆ ಹುಡುಗಿ ನಕ್ಕಳು. ಹೊರಗೆ ಬಂದಾಗ ಮಾವಶಿ ಸ್ಕೂಟರಿನ ಮೇಲೆ ಎಡಗೈಯನ್ನು ಗಾಳಿಗೆ ಚಾಚಿಕೊಂಡೇ ಕುಳಿತರು ಎಂದು ನೆನಪು. ಅದೂ ನಾನು ಸೇರಿಸಿದ್ದಿರಬಹುದು.

ಮುಂದಿನ ವಾರ ಅವರನ್ನು ಕರೆದುಕೊಂಡು ಮಿರಜದ ಅವರ ಹಳೆಯ ಶಾಲೆಗೆ ಹೋದೆ. ಗುಮಾಸ್ತರು ಹುಡುಕಿ ಹಳೆಯ ದಾಖಲೆ ಪುಸ್ತಕ ತೆರೆದರು. ಕೈಮೇಲಿದ್ದ ಅದೇ ಹೆಸರು ಅಲ್ಲಿತ್ತು. ಮಗುವನ್ನು ಶಾಲೆಗೆ ಸೇರಿಸಲು ಬಂದವರ ಜಾಗದಲ್ಲಿ ಮಾಮಾನ ಸಹಿ ಇತ್ತು.