ನೇಕಾರನ ಬಾವು

ನಾರಾಯಣಪೇಟೆಯಲ್ಲಿ ಕುಣಿಮಗ್ಗದ ಬರಿಹಲಗೆಯ ಮೇಲೆ ದಿನವಿಡೀ ಕೂತು ಸೀರೆ ನೇಯ್ದು ನನ್ನ ಕುಂಡಿಯ ಎಲುಬಿನ ಮೇಲೆ ಬಾವು ಬಂತು.

“ಎಲುಬಿನ ಮ್ಯಾಲಿನ ನೀರಿನ ಚೀಲ ಒತ್ತಿ ಒತ್ತಿ ಬಾತೈತಿ. ಅದಕ್ಕ ಕಬ್ಬಿಣ ಕಾಸಿ ಬರಿ ಹಾಕಿಸ್ಕೋಬ್ಯಾಡ್ರಿ. ಮೆತ್ತಂದು ಹಾಸ್ಕೊಂಡು ಕುಂದರ್ರಿ, ಆಗಾಗ ಎದ್ದು ಅಡ್ಡಾಡ್ರಿ,” ಎಂದರು ದವಾಖಾನೆಯ ಡಾಕ್ಟರು.

ಕೌದಿ ಮಡಚಿ ಹಾಸಿಕೊಂಡೆ. ನೇಯ್ಗೆ ನೋಡಲು ಬಂದ, ನಮಗೆ ನೂಲು ಕೊಟ್ಟು ನೇಯಿಸುವ ಸಾವುಕಾರ ಅದನ್ನು ಕಿತ್ತು ಅಂಗಳಕ್ಕೆಸೆದ. “ಮೆತ್ತಗ ಕುಂತ್ರ ಕೈ ಸಡ್ಲಾಗ್ತಾವಲೇ!” ಆ ನೀಚ ತಾನು ಮಾತ್ರ ಗಾದಿ ಬಿಟ್ಟು ಕೂತವನಲ್ಲ.

ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ನುಗ್ಗಿದ ಪೊಲೀಸ್ ಆಕ್ಷನ್ ದಿನಗಳಲ್ಲಿ, ಲೂಟಿ ಮಾಡುವವರಿಗೆ ಹೆದರಿ ನಮ್ಮ ಮನೆಗೆ ಓಡಿಬಂದ ಅದೇ ಸಾವುಕಾರ, ಯಾರೂ ಗುರುತು ಹಿಡಿಯಬಾರದೆಂದು ನೇಕಾರನ ಹಾಗೆ ಅದೇ ಹಲಗೆಯ ಮೇಲೆ ಕೂತ. ಮಧ್ಯಾಹ್ನದ ಹೊತ್ತಿಗೆ ನರಳತೊಡಗಿದ: “ಕುಂಡಿ ಉರೀತೈತೋ ತಮ್ಮಾ, ಆ ಕೌದಿ ಕೊಡೋ.”

“ಕೈ ಸಡ್ಲಾಗ್ತಾವ್ರೀ ಸಾವ್ಕಾರ್ರ,” ಎಂದು, ಕೌದಿಯನ್ನು ಅವನ ಕಣ್ಣೆದುರೇ ಹಾಸಿಕೊಂಡು ಕೂತೆ.