ಗ್ಯಾರೇಜಿನ ಕಾರು, ಬೇಸ್‌ಮೆಂಟಿನ ಗ್ರೈಂಡರು

ಗೆಳೆಯರೇ, ನೀವೇ ನ್ಯಾಯ ಹೇಳಿ. ನನ್ನ ಗಂಡ ಆಸೆಪಟ್ಟು ತಂದಿಟ್ಟಿರುವ ಭಾರಿ ಎಂಜಿನ್ನಿನ ಹಳೆಯ ಮಸಲ್ ಕಾರಿಗೆ ಮೂತಿಯೇ ಇಲ್ಲ. ಹಿಂದಿನ ಮಾಲೀಕ ಅದನ್ನು ಮರಕ್ಕೆ ಗುದ್ದಿದ್ದನಂತೆ. ಅದು ಗ್ಯಾರೇಜಿನಲ್ಲಿ ಬೆಚ್ಚಗಿದೆ, ದಿನಾ ಓಡಿಸುವ ನನ್ನ ಕಾರು ಹೊರಗೆ ಈ ಪರದೇಶದ ಹಿಮದಲ್ಲಿದೆ. ಇದು ಗುಜರಿಗೇ ಸರಿ ಎಂದು ಹೇಳಿಸಲು ಇವತ್ತು ರೆಕ್ಸ್‌ಡೇಲ್ ಬಡಾವಣೆಯಿಂದ ಪಂಜಾಬಿ ಮೆಕ್ಯಾನಿಕ್ ಒಬ್ಬರನ್ನು ನಾನೇ ಕರೆಸಿದೆ.

"ರಿಪೇರಿ ಮಾಡ್ಸೋಕೆ ಏನಾದ್ರೂ ಉಳ್ದಿದ್ಯೇನ್ರೀ ಇದ್ರಲ್ಲಿ?" ಎಂದು ಗಂಡನನ್ನು ಕೇಳಿದೆ.

"ನಿನ್ನ ಗ್ರೈಂಡರಲ್ಲಿ ಏನು ಉಳ್ದಿದೆ?" ಎಂದರು.

ಅದು ಮೈಸೂರಿನಿಂದ ಹೊತ್ತು ತಂದ ಅಮ್ಮನ ಗ್ರೈಂಡರು. ಇಲ್ಲಿನ ಕರೆಂಟಿಗೆ ಒಗ್ಗದೆ ಮೂರನೇ ಸಲ ಮೋಟಾರು ಸುಟ್ಟುಕೊಂಡು ಕೂತಿದೆ. "ಅದು ಬೇರೆ ವಿಷ್ಯ ರೀ!" ಎನ್ನುವಷ್ಟರಲ್ಲಿ ಅವರು ಬೇಸ್‌ಮೆಂಟಿನಿಂದ ಅದನ್ನು ಎತ್ತಿ ತಂದು ಕಾರಿನ ಪಕ್ಕ ಇಟ್ಟೇಬಿಟ್ಟರು.

ಮೆಕ್ಯಾನಿಕ್ ಕಾರಿನ ಸುತ್ತ ಒಂದು ಸುತ್ತು ಬಂದರು. ಆಮೇಲೆ ಬಗ್ಗಿ ಗ್ರೈಂಡರನ್ನು ಮೂಸಿದರು.

"ಭಾಭೀಜೀ, ಗಾಡಿ ಬನ್ ಜಾಯೇಗೀ. ಗ್ರೈಂಡರ್ ಮುಷ್ಕಿಲ್ ಹೈ." ಕಾರು ರಿಪೇರಿ ಆಗುತ್ತಂತೆ, ಗ್ರೈಂಡರೇ ಕಷ್ಟವಂತೆ!

ಗಂಡ ಈಗ ಗ್ಯಾರೇಜಿನಲ್ಲಿ ಶಿಳ್ಳೆ ಹೊಡೆಯುತ್ತಿದ್ದಾರೆ. ಹೊಡೆಯಲಿ. ಭಾನುವಾರ ಇಡ್ಲಿ ಬೇಕಾದಾಗ ಹಿಟ್ಟನ್ನೂ ಆ ಕಾರಿನಲ್ಲೇ ರುಬ್ಬಿಕೊಳ್ಳಲಿ.