ಪೈಪಿಗೆ ಕಟ್ಟಿದ ತಾಯಿತ

ಯಾರ ಮನೆಗೆ ಹೋದರೂ ಪ್ಲಂಬರ್ ಹನುಮಂತಪ್ಪನವರು ಮೊದಲು ಮಾತಾಡಿಸುತ್ತಿದ್ದುದು ನಲ್ಲಿಯನ್ನು. ದಾವಣಗೆರೆ ಪಕ್ಕದ ಆವರಗೆರೆಯ ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಬಂದವರೆಲ್ಲ ಟೈಲ್ಸ್ ಹೊಗಳಿ ಹೋಳಿಗೆ ಉಂಡರು. ಇವರು ಮಾತ್ರ ಬೋರ್‌ವೆಲ್ ನೀರನ್ನು ಒಂದು ಬೊಗಸೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಮುಕ್ಕಳಿಸಿ, ದಾಸವಾಳದ ಬುಡಕ್ಕೆ ಉಗುಳಿದರು. "ಮನಿ ಚೆನ್ನಾಗೈತೆ ಮೇಡಂ. ನೀರು ಮಾತ್ರ ಅರ್ಧ ಕಲ್ಲು" ಎಂದರು. ನನ್ನ ಕಾಲೇಜಿನ ಅರ್ಧ ಸ್ಟಾಫ್ ಪಕ್ಕದಲ್ಲೇ ನಿಂತಿತ್ತು.

ಅವರದು ಹರಿಹರ, ಮನೆ ಹೊಳೆ ದಂಡೆಯಲ್ಲಿ. ದಾವಣಗೆರೆಯ ಬೋರ್‌ವೆಲ್‌ಗಳ ಬಗ್ಗೆ ಅವರಿಗಿದ್ದ ಕನಿಕರ, ಶ್ರೀಮಂತರಿಗೆ ಬಡ ನೆಂಟರ ಮೇಲಿರುವಂಥದ್ದು.

ಮನೆಗೆ ನೀರಿನ ಗಡಸು ಕಳೆಯುವ ಸಾಫ್ಟ್‌ನರ್ ಬೇಕೆಂದಾಗ ನಾನು ಅವರನ್ನು ಕೇಳಲಿಲ್ಲ. ಎಂ.ಕಾಂ. ಓದಿ ಪಾಠ ಹೇಳುವವಳು ಪ್ಲಂಬರನ್ನು ಕೇಳುವುದೆ? ಮಂಡಿಪೇಟೆಯ ಅಂಗಡಿಯೊಂದರಿಂದ ಟೈ ಕಟ್ಟಿಕೊಂಡ ಯುವಕ ಬಂದ. ಪೆನ್ನಿನಂಥ ಮೀಟರನ್ನು ನೀರಿಗೆ ಅದ್ದಿ, ಅಂಕಿ ತೋರಿಸಿ, ನಿಟ್ಟುಸಿರು ಬಿಟ್ಟ. ನಾನೂ ಬಿಟ್ಟೆ. ಮೇಲೆ ಟ್ಯಾಂಕಿನ ಪೈಪಿಗೆ ಎರಡು ಆಯಸ್ಕಾಂತ ಬಿಗಿದು, ಇನ್ನು ನೀರಿನ ಕಣಗಳು ಶಿಸ್ತಿನಿಂದ ಬರುತ್ತವೆ ಎಂದ. ಇಪ್ಪತ್ತು ವರ್ಷ ವಿದ್ಯಾರ್ಥಿಗಳಿಗೆ ಕಲಿಸಲಾಗದ್ದನ್ನು ಆಯಸ್ಕಾಂತ ಕಲಿಸುತ್ತದೆಂದು ನಾನು ನಂಬಿದೆ.

ಮೂರೇ ತಿಂಗಳಲ್ಲಿ ಗೀಸರ್ ಕೈಕೊಟ್ಟಿತು. ಹನುಮಂತಪ್ಪ ಬಂದು ಕಾಯಿಲ್ ಬಿಚ್ಚಿದರೆ ಅದರ ಮೇಲೆ ಬೆರಳು ದಪ್ಪ ಸುಣ್ಣ. ಮೇಲೆ ಹೋಗಿ ಪೈಪು ನೋಡಿದರು.

"ಇದೇನ್ರಿ ಮೇಡಂ, ಪೈಪಿಗೆ ತಾಯಿತ ಕಟ್ಟೀರಿ?"

ಮೀಟರಿನ ಅಂಕಿಯನ್ನು ನಾನು ಗಂಭೀರವಾಗಿ ಹೇಳಿದೆ. ಅವರು ಒಂದು ಬಾಟಲಿಗೆ ನೀರು ತುಂಬಿ, ಸೋಪಿನ ಚೂರು ಹಾಕಿ ಅಲ್ಲಾಡಿಸಿದರು. ನೊರೆ ಬರಲಿಲ್ಲ, ನೀರು ಒಡೆದ ಹಾಲಿನಂತಾಯಿತು. "ಆ ಪೆನ್ನು ನೀರಾಗ ಕರಗಿದ್ದನ್ನೆಲ್ಲ ಕೂಡಿಸಿ ಹೇಳ್ತೈತೆ. ಗೀಸರನ್ನ ತಿನ್ನೋದು ಸುಣ್ಣ. ಅದನ್ನ ಬ್ಯಾರೆ ಅಳೀಬೇಕ್ರಿ."

ಲ್ಯಾಬಿನಲ್ಲಿ ಗಡಸುತನ ಅಳೆಸಿ, ಮನೆಯಲ್ಲಿ ಎಷ್ಟು ಜನ, ದಿನಕ್ಕೆ ಎಷ್ಟು ನೀರು ಎಂದು ಕೇಳಿ, ಅವರೇ ಉಪ್ಪು ಹಾಕುವ ಸಾಫ್ಟ್‌ನರ್ ಆರಿಸಿದರು. ಜೋಡಿಸುವ ದಿನ ಇನ್ನೊಂದು ಪ್ರಶ್ನೆ ಕೇಳಿದರು: "ಮನ್ಯಾಗ ಬಿಪಿ ಯಾರಿಗೈತೆ?"

ನಮ್ಮ ಅತ್ತೆಗೆ ಬಿಪಿ, ಜೊತೆಗೆ ಹೃದಯದ ತೊಂದರೆ. ಡಾಕ್ಟರು ಉಪ್ಪಿನಕಾಯಿಯನ್ನೂ ಬಿಡಿಸಿದ್ದರು.

"ಹಂಗಾದ್ರೆ ಈ ನೀರು ಅಡುಗಿ ಮನಿಗೆ ಬ್ಯಾಡ. ಮಿಷಿನ್ನು ಸುಣ್ಣ ಹಿಡ್ಕಂಡು ಉಪ್ಪಿನ ಅಂಶ ಬಿಡ್ತೈತೆ. ಕಾರ್ಪೊರೇಷನ್ ನಲ್ಲಿಗೆ ಬರೋ ಹೊಳಿ ನೀರಿನ ಸಣ್ಣ ಟ್ಯಾಂಕಿಂದ ಅಲ್ಲಿಗೆ ಬ್ಯಾರೆ ಲೈನ್ ಎಳೀತೀನಿ. ಆರು ಟೈಲ್ಸ್ ಒಡೀಬೇಕು."

ಆ ಟೈಲ್ಸ್ ಹುಡುಕಲು ನಾನು ಹತ್ತು ಅಂಗಡಿ ಸುತ್ತಿದ್ದೆ. "ಚೂರು ಉಪ್ಪಿಗೆ ಏನೂ ಆಗಲ್ಲ, ಜೋಡಿಸ್ರಿ" ಎಂದೆ.

"ಬ್ಯಾರೆಯೋರ್ನ ಕರೀರಿ" ಎಂದು ಸಾಮಾನು ಚೀಲಕ್ಕೆ ತುಂಬಿ, ಮೊಪೆಡ್ ಹತ್ತಿ ಹೊರಟೇಬಿಟ್ಟರು.

ಮೂರು ದಿನ ಆ ಯಂತ್ರ ತಾರಸಿಯ ಮೇಲೆ ಬಿಸಿಲು ಕಾಯಿಸಿಕೊಂಡು ಕೂತಿತು. ನಾನು ಟೈಲ್ಸ್ ಒರೆಸುತ್ತ ಅವರ ಸೊಕ್ಕಿನ ಬಗ್ಗೆ ಮಾತಾಡಿದೆ. ನಾಲ್ಕನೆಯ ದಿನ ಅತ್ತೆ ತಮ್ಮ ಮಾತ್ರೆಯ ಡಬ್ಬಿ ಮುಚ್ಚುತ್ತ, "ಒಡೀಲಿ ಬಿಡವ್ವ. ನಾನು ಕುಡಿಯೋದು ನೀರು, ಟೈಲ್ಸಲ್ಲ" ಎಂದರು. ನಾನೇ ಫೋನ್ ಮಾಡಬೇಕಾಯಿತು. ಹನುಮಂತಪ್ಪ ಬಂದರು, ಹಿಂದಿನದನ್ನು ಎತ್ತದೆ ಸುತ್ತಿಗೆ ಎತ್ತಿದರು. ಅದೇ ಬಣ್ಣದ ಟೈಲ್ಸ್ ಆಮೇಲೆ ಸಿಗಲೇ ಇಲ್ಲ.

ವರ್ಷದ ಮೇಲೆ ಅತ್ತೆ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದರು. ಹೊಸ ಡಾಕ್ಟರು ಊಟ, ತಿಂಡಿ ಎಲ್ಲ ವಿಚಾರಿಸಿ, ಮನೆಯಲ್ಲಿ ಸಾಫ್ಟ್‌ನರ್ ಇದೆಯೇ, ಅದೇ ನೀರು ಕುಡಿಯುತ್ತಾರೆಯೇ ಎಂದರು. "ಇಲ್ಲ ಡಾಕ್ಟ್ರೆ, ನಾನೇ ಹಟ ಹಿಡಿದು ಅಡುಗೆಮನೆಗೆ ಬೇರೆ ಲೈನ್ ಹಾಕಿಸಿದೆ" ಎಂದೆ. "ಒಳ್ಳೆ ಕೆಲಸ ಮಾಡಿದ್ರಿ" ಎಂದರು ಡಾಕ್ಟರು. ಮಂಚದ ಮೇಲಿಂದ ಅತ್ತೆ ನನ್ನನ್ನೇ ನೋಡುತ್ತಿದ್ದರು.

ಅತ್ತೆ ಚೇತರಿಸಿಕೊಂಡ ಮೇಲೆ, ಹನುಮಂತಪ್ಪನವರೇ ಹರಿಹರದ ಆಸ್ಪತ್ರೆಯಲ್ಲಿ ಮಲಗಿದ್ದಾರೆಂದು ತಿಳಿದು ನೋಡಲು ಹೋದೆ. ಮೂತ್ರಪಿಂಡದಲ್ಲಿ ಕಲ್ಲು. ಬಂದವರೆಲ್ಲ ನೀರಿನ ಮೇಲೆ ತಪ್ಪು ಹೊರಿಸುತ್ತಿದ್ದರು. ಅವರಿಗೆ ನೋವಿಗಿಂತ ಆ ಮಾತಿನ ಸಂಕಟ ಹೆಚ್ಚಾಗಿತ್ತು. "ನಮ್ಮ ಹೊಳಿ ಹೆಸರು ಯಾಕ ಕೆಡಿಸ್ತೀರಿ? ನಾನು ನೀರು ಎಲ್ಲಿ ಕುಡೀತಿದ್ದೆ? ಬರೀ ಚಾ ಕುಡಿದೆ."

ಡಾಕ್ಟರ ಮುಂದೆ ಹೇಳಿದ ಸುಳ್ಳನ್ನು ನಾನು ಒಪ್ಪಿಕೊಂಡೆ. ಅವರು ಪಕ್ಕೆ ಹಿಡಿದುಕೊಂಡು ನಕ್ಕರು. "ನಗಿಸಬ್ಯಾಡ್ರಿ ಮೇಡಂ, ನೋಯ್ತೈತೆ. ಅಮ್ಮಾರು ಹೆಂಗದಾರೆ, ಅದು ಹೇಳ್ರಿ."

"ಚೆನ್ನಾಗಿದಾರೆ" ಎಂದೆ. ಅವರು ತಲೆಯಾಡಿಸಿ ಕಣ್ಣು ಮುಚ್ಚಿದರು. ಆಮೇಲೆ ಕಲ್ಲು ತೆಗೆದು ಅವರನ್ನು ಮನೆಗೆ ಕಳಿಸಿದರು. ಆ ತಿಂಗಳ ಕೊನೆಗೆ ಹನುಮಂತಪ್ಪ ಹೃದಯಾಘಾತವಾಗಿ ತೀರಿಕೊಂಡರು.

ಈಗ ನಮ್ಮಲ್ಲಿಗೆ ಬೇರೊಬ್ಬ ಪ್ಲಂಬರ್ ಬರುತ್ತಾನೆ. ಬಲು ಮರ್ಯಾದಸ್ಥ. ನಾನು ಏನು ಹೇಳಿದರೂ "ಆಗ್ಲಿ ಮೇಡಂ, ನೀವು ಹೇಳ್ದಂಗೆ" ಅನ್ನುತ್ತಾನೆ. ಅವನು ಕೆಲಸ ಮುಗಿಸಿ ಹೋದ ಮೇಲೆ ನಾನು ತಾರಸಿಗೆ ಹೋಗಿ, ಯಾವ ನೀರು ಎಲ್ಲಿಗೆ ಹೋಗುತ್ತದೆಂದು ಒಂದೊಂದು ಪೈಪಿನ ಜಾಡು ಹಿಡಿದು ನಡೆದು ನೋಡುತ್ತೇನೆ.